ಚಿಕ್ಗು ಮಹಜೀರರ ಬಲಗಾಲು

ನಮ್ಮೂರು ಕ್ವಾಲಾ ಕಂಗ್ಸಾರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಮಹಜೀರರ ಶಿಷ್ಯರು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದ ಅವರನ್ನು ಊರೆಲ್ಲ ಚಿಕ್ಗು ಎಂದೇ ಕರೆಯುತ್ತಿತ್ತು. ನಮ್ಮ ಕಡೆ ಮೇಷ್ಟ್ರಿಗೆ ಹಾಗೆನ್ನುವುದು. ಅವರ ಶಿಷ್ಯರಲ್ಲಿ ಬೈಸಿಕೊಳ್ಳದೆ ಲೈಸೆನ್ಸ್ ಪಡೆದವರಿಲ್ಲ, ನಾನೂ ಸೇರಿ. “ಕಾಲ ಕೆಳಗೆ ಜಿರಳೆ ಸಿಕ್ಕಿದೆಯೇನಯ್ಯ? ಅದನ್ನ ಸಾಯಿಸಬೇಡ, ಮೆಲ್ಲಗೆ ತುಳಿ,” ಎನ್ನುತ್ತಿದ್ದರು. ಬೈದರೂ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಅವರು ಓಡಿಸುವಾಗ ಪಕ್ಕದವನ ಕೈಯಲ್ಲಿ ತುಂಬಿದ ಚಹಾ ಲೋಟವಿದ್ದರೂ ಹನಿ ಚೆಲ್ಲುತ್ತಿರಲಿಲ್ಲ ಎಂಬುದು ಎಲ್ಲರೂ ಕಂಡ ಸಂಗತಿ.

ನಿವೃತ್ತರಾದಾಗ ಸ್ಕೂಲಿನವರು ಮಾರಲು ತೆಗೆದ ಹಳೆಯ ಕಂಚಿಲ್ ಕಾರೊಂದನ್ನು ಚಿಕ್ಗು ತಾವೇ ಕೊಂಡುಕೊಂಡರು. ಪುಟ್ಟ ಬಿಳಿ ಕಾರು. ಬಾಗಿಲ ಮೇಲಿದ್ದ ಸ್ಕೂಲಿನ ಹೆಸರನ್ನು ಕಿತ್ತಿದ್ದರೂ ಬಿಸಿಲು ಓರೆಯಾಗಿ ಬಿದ್ದರೆ ಅಕ್ಷರಗಳ ಗುರುತು ಕಾಣುತ್ತಿತ್ತು. ಅದರಲ್ಲಿ ಮಸೀದಿಗೆ, ಸಂತೆಗೆ, ನದಿಯಾಚೆಯ ಸಾಯೋಂಗಿನಲ್ಲಿದ್ದ ಮಗಳ ಮನೆಗೆ ಓಡಾಡುತ್ತಿದ್ದರು. ಮಗಳು ಸುರಯಾ ಶಿಶುವಿಹಾರದ ಟೀಚರು. ಅಳಿಯ ಫದ್ಲಾನನಿಗೆ ಸ್ವಂತ ವರ್ಕ್‌ಶಾಪ್ ಇತ್ತು. ಹಳೆಯ ಕಂಚಿಲ್‌ಗಳಿಗೆ ಭಾರೀ ಜೋರಿನ ಟರ್ಬೊ ಇಂಜಿನ್ ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ತೈಪಿಂಗ್, ಇಪೋಹ್‌ನಿಂದೆಲ್ಲ ಹುಡುಗರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು.

ಚಿಕ್ಗು ಆ ಹುಡುಗರನ್ನು ಕಂಡರೆ ಮೂಗು ಮುರಿಯುತ್ತಿದ್ದರು. “ಬೆಕ್ಕಿನಷ್ಟು ಗಾಡಿಗೆ ಹುಲಿ ಹೊಟ್ಟೆ ಹಾಕಿಸ್ಕೊಂಡು ಎಲ್ಲಿಗೆ ಹೋಗ್ಬೇಕಂತೆ ಇವರಿಗೆ?” ಎಂದು ಅಳಿಯನ ಎದುರೇ ನಗುತ್ತಿದ್ದರು. ಫದ್ಲಾನ್ ತಾನೂ ನಗುತ್ತಿದ್ದ. ಆದರೆ ತನ್ನ ಕೆಲಸದ ಬಗ್ಗೆ ಮಾವ ಒಂದು ಒಳ್ಳೆ ಮಾತಾಡಲಿಲ್ಲವಲ್ಲ ಎಂಬುದು ಅವನೊಳಗೆ ಮುಳ್ಳಿನ ಹಾಗೆ ಇತ್ತು.

ಒಂದು ದಿನ ಚಿಕ್ಗು ಅವರ ಕಾರು ನೀಲಿ ಹೊಗೆ ಬಿಡತೊಡಗಿತು. ತಾವೇ ಓಡಿಸಿಕೊಂಡು ಬಂದು ವರ್ಕ್‌ಶಾಪಿನ ಮುಂದೆ ನಿಲ್ಲಿಸಿದರು.

“ಎಣ್ಣೆ ಕುಡೀತಿದೆ ಕಣಯ್ಯ. ಬಿಚ್ಚಿ ನೋಡು.”

“ಪಿಸ್ಟನ್ ರಿಂಗ್ ಸವೆದಿರ್ಬೇಕು ಅಬಾ. ಇಂಜಿನ್ ಇಳಿಸ್ಬೇಕಾಗುತ್ತೆ,” ಎಂದ ಫದ್ಲಾನ್. ಹೆಂಡತಿ ತಂದೆಯನ್ನು ಕರೆಯುವ ಹಾಗೆ ಅವನೂ ಮಾವನನ್ನು ಅಬಾ ಎಂದೇ ಕರೆಯುತ್ತಿದ್ದ.

“ಇಳಿಸು. ನಿಧಾನಕ್ಕೆ ಮಾಡು, ನಂಗೇನೂ ಅವಸರ ಇಲ್ಲ. ಆದ್ರೆ ನಿನ್ನ ಹುಡುಗಾಟವೇನೂ ಬೇಡ, ಹೆಂಗಿತ್ತೋ ಹಂಗೇ ಕೊಡು.”

ಇಂಜಿನ್ ಇಳಿಸಿ ಮೂಲೆಯಲ್ಲಿಟ್ಟದ್ದಾಯಿತು. ಅದೇ ವಾರ ಇಪೋಹ್‌ನ ಬೂನ್ ಸೆಂಗ್ ಫೋನ್ ಮಾಡಿದ. ಜಪಾನಿನಿಂದ ಹಳೆಯ ಕಾರುಗಳ ಮುಂಭಾಗವನ್ನೇ ಇಂಜಿನ್ ಸಮೇತ ಕತ್ತರಿಸಿ ತರಿಸಿ ಮಾರುವ ವ್ಯಾಪಾರಿ ಅವನು.

“ಒಂದು ಮಾಲು ಬಂದಿದೆ ನೋಡು. ಹೊಸ ಮಾದರಿ ಟರ್ಬೊ. ನಿಮ್ಮೂರಿನವರ್ಯಾರೂ ಇನ್ನೂ ಕಂಚಿಲ್‌ಗೆ ಇದನ್ನ ಕೂರಿಸಿಲ್ಲ. ಮುಂದಿನ ತಿಂಗಳು ಇಲ್ಲಿ ಕಾರು ಮೇಳ ಇದೆ, ಓಟಾನೂ ಇದೆ, ಗೊತ್ತಲ್ಲ? ನಿನಗೆ ಧೈರ್ಯ ಇದ್ರೆ ಹೇಳು, ಇಲ್ದಿದ್ರೆ ತೈಪಿಂಗಿನವನಿಗೆ ಕೊಡ್ತೀನಿ.”

“ಕೂರಿಸೋಕೆ ಒಳ್ಳೆ ಕಂಚಿಲ್ ಬೇಡ್ವೇನೋ?”

“ನಿನ್ನ ಹತ್ರ ಗಾಡಿ ಇಲ್ವಾ? ಮೀನು ಮಾರೋನ ಮನೇಲಿ ಮೀನಿಲ್ಲ ಅಂದಂಗಾಯ್ತು!”

ಗಾಡಿಯೇನೋ ಕಣ್ಣೆದುರೇ ಇತ್ತು. ಹೊಟ್ಟೆ ಖಾಲಿಯಾಗಿ ನಿಂತಿತ್ತು. ಫದ್ಲಾನನ ವರ್ಕ್‌ಶಾಪಿಗೆ ಬರುವ ಕಂಚಿಲ್‌ಗಳೆಲ್ಲ ತಳದಲ್ಲಿ ತುಕ್ಕು ತಿಂದವು. ಮಾವನ ಕಾರಿಗೆ ಒಂದು ಚುಕ್ಕೆ ತುಕ್ಕಿರಲಿಲ್ಲ. ಮೇಳ ಮುಗಿದ ಮೇಲೆ ಹಳೆಯ ಇಂಜಿನ್ನನ್ನು ಸರಿಮಾಡಿ ವಾಪಸು ಕೂರಿಸಿದರಾಯಿತು, ಯಾರಿಗೆ ಗೊತ್ತಾಗಬೇಕು ಎಂದುಕೊಂಡ.

ಊಟ ನಿದ್ದೆ ಮರೆತು ಕೆಲಸ ಮಾಡಿದ. ಇಂಜಿನ್ ಕೂರುವ ಜಾಗಕ್ಕೆ ಹೊಸ ಕಬ್ಬಿಣ ಬೆಸೆದ, ತಂತಿಗಳನ್ನು ಒಂದೊಂದಾಗಿ ಹುಡುಕಿ ಜೋಡಿಸಿದ, ಮುಂದಿನ ಬ್ರೇಕನ್ನು ದೊಡ್ಡದು ಮಾಡಿದ, ದೊಡ್ಡ ರೇಡಿಯೇಟರನ್ನು ಹೊರಗೆ ಕಾಣದಂತೆ ಒಳಗೆ ತೂರಿಸಿದ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಇಂಜಿನ್ ಎಷ್ಟು ಸದ್ದಿಲ್ಲದೆ ಓಡಿತೆಂದರೆ ತಾನೇ ಕಿವಿಗೊಟ್ಟು ಕೇಳಬೇಕಾಯಿತು. ಕಾಲು ಒತ್ತಿದರೆ ಸ್ವಲ್ಪ ಹೊತ್ತು ಏನೂ ಆಗುತ್ತಿರಲಿಲ್ಲ. ಆಮೇಲೆ ಸಣ್ಣ ಸಿಳ್ಳೆ ಕೇಳುತ್ತಿತ್ತು. ಸಿಳ್ಳೆಯ ಬೆನ್ನಿಗೇ ಯಾರೋ ಹಿಂದಿನಿಂದ ಒದ್ದ ಹಾಗೆ ಕಾರು ನೆಗೆಯುತ್ತಿತ್ತು.

ಇಪೋಹ್ ಮೇಳದಲ್ಲಿ ಆ ಬಿಳಿ ಕಾರನ್ನು ಕಂಡು ಮೊದಲು ಎಲ್ಲರೂ ನಕ್ಕರು. “ಎಲ್ ಬೋರ್ಡ್ ಎಲ್ಲಿ ಬಿದ್ದೋಯ್ತು, ಅಣ್ಣ?” ಎಂದು ರೇಗಿಸಿದರು. ಓಟ ಮುಗಿದ ಮೇಲೆ ಅವರೇ ಬಾನೆಟ್ ಸುತ್ತ ಮುತ್ತಿಕೊಂಡು ಫೋಟೊ ತೆಗೆದರು. ಫದ್ಲಾನನ ಹೆಗಲ ಮೇಲೆ ಎಷ್ಟು ಕೈಗಳು ಬಿದ್ದವೋ. ಆ ಖುಷಿಯಲ್ಲಿ ಊರಿಗೆ ಬಂದವನು ಹಳೆಯ ಇಂಜಿನ್ನನ್ನು ಮುಟ್ಟಲಿಲ್ಲ. ಇವತ್ತು ನಾಳೆ ಎಂದು ದಿನ ದೂಡಿದ.

ಅಷ್ಟರಲ್ಲಿ ಮಸೀದಿಯ ಕಾರ್ಯದರ್ಶಿ ಸೆನಾವಿಯ ಮಗಳ ಮದುವೆ ಬಂತು. ನಮ್ಮಲ್ಲಿ ಮದುವೆಯೂಟ ಎಂದರೆ ಕೇರಿಯವರೆಲ್ಲ ಸೇರಿ ಅಂಗಳದಲ್ಲೇ ಬೇಯಿಸುವುದು. ಐಸು, ತೆಂಗಿನಕಾಯಿ ತರುವ ಹೊಣೆ ಚಿಕ್ಗು ಅವರದು.

“ಗಾಡಿ ಎಲ್ಲಪ್ಪ? ನಾಳಿದ್ದು ಬೇಕು ನಂಗೆ,” ಎಂದು ವರ್ಕ್‌ಶಾಪಿಗೇ ಬಂದರು.

ಫದ್ಲಾನ್ ಇನ್ನೂ ಆಗಿಲ್ಲ ಎನ್ನಬಹುದಿತ್ತು. ತನ್ನ ಕಾರನ್ನೇ ಕೊಡಬಹುದಿತ್ತು. ಆದರೆ ಚಿಕ್ಗು ಆಗಲೇ ಕಾರಿನ ಬಾಗಿಲು ತೆಗೆದು ಕೂತಾಗಿತ್ತು. ಕೀಲಿ ತಿರುಗಿಸಿ ಕಿವಿಗೊಟ್ಟರು.

“ಅಲಾ, ಹೊಸದರ ಹಂಗಾಗಿದೆಯಲ್ಲೋ! ಏನು ಮಾಡಿದೆ?”

“ಪೂರ್ತಿ ಬಿಚ್ಚಿ ಕಟ್ಟಿದ್ದೀನಿ ಅಬಾ. ಸ್ವಲ್ಪ… ಸ್ವಲ್ಪ ಚುರುಕಾಗಿರುತ್ತೆ. ಮೆಲ್ಲಗೆ ಹೋಗಿ.”

“ನಂಗೆ ಹೇಳ್ತೀಯಾ ಮೆಲ್ಲಗೆ ಹೋಗು ಅಂತ!” ಚಿಕ್ಗು ಜೋರಾಗಿ ನಕ್ಕರು. ಹೊರಡುವ ಮುನ್ನ ಕಿಟಕಿಯಿಂದ ಕೈ ಚಾಚಿ ಅಳಿಯನ ತೋಳು ತಟ್ಟಿದರು. “ಒಳ್ಳೆ ಕೆಲಸ ಮಾಡಿದ್ದೀಯ ಕಣೋ. ಭೇಷ್.”

ಇಷ್ಟು ವರ್ಷ ಕಾದಿದ್ದ ಮಾತು ಸಿಕ್ಕಿತ್ತು. ಆದ್ದರಿಂದಲೇ ಫದ್ಲಾನ್ ಬಾಯಿ ಬಿಡಲಿಲ್ಲ. ಮಾವ ಎಂದಿನ ಹಾಗೆ ಓಡಿಸಿದರೆ ಟರ್ಬೊ ಎಚ್ಚರವಾಗುವಷ್ಟು ಕಾಲು ಒತ್ತುವುದೇ ಇಲ್ಲ, ಮದುವೆ ಮುಗಿದ ಕೂಡಲೇ ಇಳಿಸಿಬಿಡೋಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮದುವೆಯ ಬೆಳಿಗ್ಗೆ ಸೆನಾವಿಯ ಅಂಗಳದಲ್ಲಿ ದೊಡ್ಡ ದೊಡ್ಡ ಹಂಡೆಗಳಲ್ಲಿ ಗುಲಾಯಿ, ಅಂದರೆ ತೆಂಗಿನಹಾಲಿನ ಸಾರು, ಕುದಿಯುತ್ತಿತ್ತು. ಸಾರು ತಿರುವುತ್ತ ನಿಂತಿದ್ದವಳು ಮಕ್ತೇ ಜೈನುನ್. ಮಕ್ತೇ ಎಂದರೆ ಚಿಕ್ಕಮ್ಮ. ನಮ್ಮ ಕೇರಿಯ ಮದುವೆಗಳಲ್ಲಿ ಅವಳ ಕೈ ತಾಗದ ಗುಲಾಯಿ ಇಲ್ಲ. ಫದ್ಲಾನ್ ಪೆಂಡಾಲಿನ ಕೆಳಗೆ ಕುರ್ಚಿ ಹಾಕುತ್ತಿದ್ದ. ರಸ್ತೆಯಿಂದ ಆ ಅಂಗಳಕ್ಕೆ ಸಣ್ಣದೊಂದು ಕಡಿದಾದ ಏರು ಇದೆ. ಹಳೆಯ ಕಂಚಿಲ್ ತುಂಬಿದ ಭಾರದಲ್ಲಿ ಅದನ್ನು ಹತ್ತಬೇಕಾದರೆ ಕಾಲು ಪೂರ್ತಿ ಒತ್ತಲೇಬೇಕು. ಚಿಕ್ಗು ವರ್ಷಗಳಿಂದ ಒತ್ತುತ್ತಿದ್ದರು. ಅಂದೂ ಒತ್ತಿದರು.

ಫದ್ಲಾನನಿಗೆ ಮೊದಲು ಕೇಳಿದ್ದು ಆ ಸಿಳ್ಳೆ. ಕುರ್ಚಿ ಕೈಯಲ್ಲಿರುವಂತೆಯೇ ಅವನು ತಿರುಗಿದ. ಬಿಳಿ ಕಾರು ಏರಿನ ತುದಿಯಿಂದ ನೆಗೆದು ಒಳಗೆ ಬಂತು, ಪೆಂಡಾಲಿನ ಕಂಬ ಮುರಿಯಿತು, ಹಂಡೆಗೆ ಬಡಿಯಿತು, ನೀರಿನ ತೊಟ್ಟಿಯ ಗೋಡೆಗೆ ತಾಗಿ ನಿಂತಿತು. ಹೆಂಗಸರು ಕಿರುಚಿಕೊಂಡು ಚದುರಿದರು. ಮಕ್ತೇ ಜೈನುನ್ ನೆಲದ ಮೇಲೆ ಕೂತಿದ್ದಳು. ಮೊಣಕಾಲಿನಿಂದ ಕೆಳಗೆ ಕುದಿಯುವ ಸಾರು ಬಿದ್ದಿತ್ತು.

ಯಾರೋ ಐಸು ತಂದರು, ಯಾರೋ ಬೇಡ ನೀರು ಹಾಕಿ ಎಂದರು. ಅವಳನ್ನು ವ್ಯಾನಿನಲ್ಲಿ ಆಸ್ಪತ್ರೆಗೆ ಸಾಗಿಸಿದ ಮೇಲೆ ಎಲ್ಲರ ಕಣ್ಣೂ ಚಿಕ್ಗು ಕಡೆ ತಿರುಗಿದವು. ಟೋಪಿ ಎಲ್ಲೋ ಬಿದ್ದು, ಬೋಳು ತಲೆಯಲ್ಲಿ ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದರು.

“ಬ್ರೇಕ್ ಅಂದ್ಕೊಂಡು ಇನ್ನೊಂದನ್ನ ತುಳಿದುಬಿಟ್ರು,” ಎಂದು ಗುಂಪಿನಲ್ಲಿ ಯಾರೋ ಹೇಳಿದರು. “ವಯಸ್ಸಾಯ್ತಲ್ಲ, ಪಾಪ.”

“ಇಲ್ಲ, ನಾನು… ಏರು ಹತ್ತೋಕೆ ಅಂತ…” ಎಂದು ಚಿಕ್ಗು ತೊದಲಿದರು.

ಸೆನಾವಿ ಫದ್ಲಾನನ ಕಡೆ ತಿರುಗಿದ. “ಗಾಡಿ ನಿನ್ನ ಹತ್ರಾನೇ ಇತ್ತಲ್ವಾ? ರಿಪೇರಿ ಮಾಡಿದವನು ನೀನು. ಏನಾದ್ರೂ ಐಬು ಇತ್ತಾ ಅದರಲ್ಲಿ?”

ಕೇರಿಯೆಲ್ಲ ಅವನ ಬಾಯಿ ನೋಡುತ್ತಿತ್ತು. ಮಾವನೂ ನೋಡುತ್ತಿದ್ದರು.

“ಇಲ್ಲ,” ಎಂದ ಫದ್ಲಾನ್. “ಗಾಡಿ ಸರಿಯಾಗೇ ಇತ್ತು.”

ಚಿಕ್ಗು ಮೆಲ್ಲಗೆ ತಲೆಯಾಡಿಸಿದರು. “ಹಂಗಾದ್ರೆ ನನ್ನ ಕಾಲೇ,” ಎಂದರು. “ನನ್ನ ಕಾಲೇ ಕೈಕೊಟ್ಟಿತು.”

ಪೊಲೀಸರಿಗೆ ದೂರು ಹೋಗಲಿಲ್ಲ. ಮಕ್ತೇ ಜೈನುನ್ನೇ ಬೇಡ ಎಂದಳು. “ನನ್ನ ಮೂರು ಮಕ್ಕಳಿಗೂ ಡ್ರೈವಿಂಗ್ ಕಲಿಸಿದ ಮನುಷ್ಯ. ಅವರ ಮೇಲೆ ದೂರು ಕೊಡ್ಲಾ?” ಎಂದಳಂತೆ. ಆಸ್ಪತ್ರೆಯಿಂದ ಅವಳು ಮನೆಗೆ ಬಂದ ದಿನ ಚಿಕ್ಗು ಹಣ್ಣಿನ ಬುಟ್ಟಿ ಹಿಡಿದು ನಡೆದುಕೊಂಡೇ ಹೋದರು. ಅವಳ ಕಾಲಿನ ಬಳಿ ಚಾಪೆಯ ಮೇಲೆ ಕೂತು ಕ್ಷಮೆ ಕೇಳಿದರು. ಜೊತೆಯಲ್ಲಿ ಹೋಗಿದ್ದ ಫದ್ಲಾನ್ ಹೊಸ್ತಿಲಲ್ಲೇ ನಿಂತು ಆ ಬೋಳು ತಲೆ ಬಾಗಿದ್ದನ್ನು ನೋಡಿದ. ಅಂಗಳಕ್ಕೆ ಇಳಿದು ಕೊಳಾಯಿಯಲ್ಲಿ ಮುಖ ತೊಳೆದುಕೊಂಡ.

ಚಿಕ್ಗು ಕಾರಿನ ಕೀಲಿಯನ್ನು ಅವನಿಗೇ ಕೊಟ್ಟು, “ಮಾರಿಬಿಡಪ್ಪ, ಯಾರಾದ್ರೂ ಕಾಲು ನೆಟ್ಟಗಿರೋರಿಗೆ ಕೊಡು,” ಎಂದಿದ್ದರು. ಫದ್ಲಾನ್ ಷಟರ್ ಎಳೆದುಕೊಂಡು ಒಬ್ಬನೇ ಟರ್ಬೊ ಇಂಜಿನ್ ಇಳಿಸಿದ, ಹಳೆಯದನ್ನು ರಿಂಗ್ ಬದಲಿಸಿ ಕೂರಿಸಿದ, ಮುಂಭಾಗದ ಜಖಂ ಸರಿಮಾಡಿ ಬಣ್ಣ ಬಳಿದ. ಕೆಲಸ ಮುಗಿದಾಗ ಕಾರು ಹೇಗಿತ್ತೋ ಹಾಗೇ ಆಗಿತ್ತು. ಈಗ ಯಾರು ಬಂದು ಬಾನೆಟ್ ತೆಗೆದರೂ ಏನೂ ಸಿಗುವುದಿಲ್ಲ. ನೆಮ್ಮದಿಯಾಗಬೇಕಿತ್ತು. ಆಗುವ ಬದಲು ಕನ್ನಡಿ ನೋಡುವುದಕ್ಕೂ ಅವನಿಗೆ ಅಳುಕಾಗತೊಡಗಿತು. ಮಾವನ ಕಾರನ್ನು ಕದ್ದು ಬಳಸಿದವನು ಈಗ ಕುರುಹನ್ನೂ ಒರೆಸಿಹಾಕಿದ್ದ.

ಊರು ತನ್ನ ಪಾಡಿಗೆ ನಗುತ್ತಿತ್ತು. ಚಹಾದಂಗಡಿಯಲ್ಲಿ ಯಾರಾದರೂ ಲೋಟ ಉರುಳಿಸಿದರೆ “ಚಿಕ್ಗು ಹತ್ರ ಕಲಿತವನಾ?” ಎಂಬ ಮಾತು ಬರುತ್ತಿತ್ತು. ನಾನೂ ಒಂದು ಸಲ ನಕ್ಕಿದ್ದೇನೆ. ಚಿಕ್ಗು ಆ ಅಂಗಡಿಗೆ ಬರುವುದನ್ನು ಬಿಟ್ಟರು. ಮಸೀದಿಗೆ ಕೊಡೆ ಹಿಡಿದು ನಡೆದು ಹೋಗುತ್ತಿದ್ದರು. ದಾರಿಯಲ್ಲಿ ಕಾರು ನಿಲ್ಲಿಸಿ ಹತ್ತಿ ಎಂದರೆ, “ಬೇಡ, ಕಾಲಿಗೆ ಅಭ್ಯಾಸ ಆಗ್ಲಿ,” ಎನ್ನುತ್ತಿದ್ದರು.

ಒಂದು ಸಂಜೆ ಸುರಯಾ ತಂದೆಯ ಮನೆಯಿಂದ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು.

“ರೀ, ಅಬಾಗೆ ಏನೋ ಆಗಿದೆ,” ಎಂದಳು. “ಊಟಕ್ಕೆ ಕೂತಿದ್ರು. ಚಮಚ ಬಿತ್ತು ಅಂತ ಬಗ್ಗಿದೆ. ಮೇಜಿನ ಕೆಳಗೆ ಅವರ ಕಾಲು ಅಲ್ಲಾಡ್ತಾ ಇತ್ತು. ಬಲಗಾಲು ಆ ಕಡೆ, ಈ ಕಡೆ. ಬ್ರೇಕು, ಆಕ್ಸಿಲರೇಟರು. ತುಟಿಯಲ್ಲಿ ಏನೋ ಹೇಳ್ಕೊಳ್ತಿದ್ರು. ಮಗು ಮಗ್ಗಿ ಕಲಿಯೋ ಹಂಗೆ ರೀ. ನನ್ನ ಕಂಡ ತಕ್ಷಣ ನಿಲ್ಲಿಸಿಬಿಟ್ರು, ಕಳ್ಳನ ಥರ.”

ಫದ್ಲಾನ್ ಎದ್ದು ಹೊರಗೆ ಹೋದ.

ಮರುದಿನ ಮಾವನ ಹತ್ತಿರ ಹೋಗಿ ಅರ್ಧ ಸತ್ಯ ಹೇಳಲು ನೋಡಿದ. “ಅಬಾ, ನಂಗೆ ಅನ್ಸುತ್ತೆ, ಅವತ್ತು ಆಕ್ಸಿಲರೇಟರ್ ಕೇಬಲ್ ಸಿಕ್ಕಿಹಾಕ್ಕೊಂಡಿರಬಹುದು. ನಿಮ್ಮ ತಪ್ಪಿರಲಿಕ್ಕಿಲ್ಲ.”

ಚಿಕ್ಗು ಅವನ ಮುಖ ನೋಡಿದರು. “ಅವತ್ತು ಸರಿಯಾಗಿತ್ತು ಅಂದೆ. ಈಗ ನನ್ನ ಮೋರೆ ನೋಡೋಕಾಗ್ದೆ ಹಿಂಗಂತೀಯ. ಒಳ್ಳೆ ಹುಡುಗ ನೀನು. ಆದ್ರೆ ನಂಗೋಸ್ಕರ ಸುಳ್ಳು ಹೇಳ್ಬೇಡ. ಅಪಘಾತ ಮಾಡಿದವನು ತಪ್ಪನ್ನ ಗಾಡಿ ಮೇಲೆ ಹಾಕ್ಬಾರ್ದು ಅಂತ ಜೀವಮಾನವೆಲ್ಲ ಪಾಠ ಹೇಳಿದವನು ನಾನು.”

ಒಳ್ಳೆ ಹುಡುಗ ಎಂಬ ಆ ಮಾತನ್ನು ಹೊತ್ತುಕೊಂಡು ಫದ್ಲಾನ್ ವಾಪಸು ಬಂದ.

ಆ ಶುಕ್ರವಾರ ನಮಾಜು ಮುಗಿದ ಮೇಲೆ ಚಿಕ್ಗು ಅಳಿಯನಿಗೆ, ಸೋಮವಾರ ತಮ್ಮನ್ನು ಸಾರಿಗೆ ಕಚೇರಿಗೆ ಕರೆದೊಯ್ಯಬೇಕೆಂದು ಹೇಳಿದರು. ಲೈಸೆನ್ಸ್ ಹಿಂತಿರುಗಿಸಬೇಕಂತೆ.

“ಸುಮ್ನೆ ಮನೇಲಿಟ್ಟುಕೊಂಡ್ರೆ ಆಗಲ್ವಾ ಅಬಾ? ಓಡಿಸ್ದೆ ಇದ್ರಾಯ್ತು.”

“ಇಲ್ಲ. ಕೈಯಲ್ಲಿದ್ರೆ ಯಾವತ್ತಾದ್ರೂ ಆಸೆ ಆಗುತ್ತೆ. ಇನ್ನೊಬ್ರ ಕಾಲು ಸುಡೋದು ಬೇಡ.”

ಸೋಮವಾರ ಚಿಕ್ಗು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಲಿಸುವಾಗ ಧರಿಸುತ್ತಿದ್ದ ಕಪ್ಪು ಟೋಪಿ ಇಟ್ಟುಕೊಂಡು ಬಂದರು. ಫದ್ಲಾನನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು, ಅಂಗಿಯ ಜೇಬನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಲೈಸೆನ್ಸ್ ಅಲ್ಲಿತ್ತು. ಪೆರಾಕ್ ನದಿಯ ಸೇತುವೆ ದಾಟಿದ ಮೇಲೆ ಫದ್ಲಾನನಿಗೆ ಮುಂದೆ ಹೋಗಲಾಗಲಿಲ್ಲ. ರಸ್ತೆಬದಿಯ ಮಳೆಮರದ ಕೆಳಗೆ ನಿಲ್ಲಿಸಿದ.

“ಯಾಕೆ? ಪೆಟ್ರೋಲ್ ಖಾಲಿನಾ?”

“ಅಬಾ, ಅದು ನಿಮ್ಮ ಇಂಜಿನ್ ಆಗಿರಲಿಲ್ಲ.”

“ಏನು ಹಂಗಂದ್ರೆ?”

ಸ್ಟೀರಿಂಗನ್ನೇ ನೋಡುತ್ತ ಎಲ್ಲ ಹೇಳಿದ. ಬೂನ್ ಸೆಂಗ್ ತಂದ ಟರ್ಬೊ, ಇಪೋಹ್ ಮೇಳ, ಮೇಳದ ಚಪ್ಪಾಳೆ, ಷಟರ್ ಎಳೆದುಕೊಂಡು ಹಳೆಯ ಇಂಜಿನ್ ಕೂರಿಸಿದ್ದು. ಚಿಕ್ಗು ಕೊನೆಗೆ ಕೇಳಿದರು:

“ಆ ಏರಿನಲ್ಲಿ ನಾನು ಒತ್ತಿದ್ದು ಸರಿಯಾದ ಪೆಡಲೇ ಹಂಗಾದ್ರೆ?”

“ಸರಿಯಾದದ್ದೇ.”

“ಆಮೇಲೆ ಬ್ರೇಕ್ ತುಳಿದೆ. ತುಳಿದದ್ದು ನೆನಪಿತ್ತು ನಂಗೆ. ಎಲ್ಲರೂ ಇಲ್ಲ ಅಂದ ಮೇಲೆ ನಂದೇ ಭ್ರಮೆ ಅಂದ್ಕೊಂಡೆ.”

“ತುಳಿದಿದ್ರಿ ಅಬಾ. ಅದಕ್ಕೇ ತೊಟ್ಟಿ ಹತ್ರ ನಿಂತದ್ದು.”

ಚಿಕ್ಗು ಉಸಿರು ಬಿಟ್ಟರು. ಆಮೇಲೆ ಅವರ ಧ್ವನಿ ಬದಲಾಯಿತು.

“ಸೆನಾವಿ ಕೇಳಿದಾಗ ನೀನು ಏನಂದೆ?”

ಫದ್ಲಾನ್ ಕೀಲಿ ತಿರುಗಿಸಿ ಇಂಜಿನ್ ಆರಿಸಿದ.

“ಕೇಳ್ತಿದ್ದೀನಿ. ಏನಂದೆ?”

“ಗಾಡಿ ಸರಿಯಾಗೇ ಇತ್ತು ಅಂದೆ.”

“ನನ್ನ ಮುಖ ನೋಡಿ ಹೇಳು.”

ಅವನಿಗೆ ನೋಡಲಾಗಲಿಲ್ಲ. ಹಣೆಯನ್ನು ಸ್ಟೀರಿಂಗಿಗೆ ಒತ್ತಿಕೊಂಡ. ಅಳುವುದಕ್ಕೂ ತನಗೆ ಹಕ್ಕಿಲ್ಲ ಅನಿಸಿತು. ಚಿಕ್ಗು ಬಾಗಿಲು ತೆಗೆದು ಇಳಿದರು. ಮರದ ಕೆಳಗೆ ಬೆನ್ನು ಹಾಕಿ ಬಹಳ ಹೊತ್ತು ನಿಂತು, ಮರಳಿ ಬಂದು ಹಿಂದಿನ ಸೀಟಿನಲ್ಲಿ ಕೂತರು.

“ಜೈನುನ್ ಮನೆಗೆ ನಡಿ,” ಎಂದರು. “ಅವಳ ಕಾಲ ಹತ್ರ ಚಾಪೆ ಮೇಲೆ ಕೂತದ್ದು ನಾನು. ಕೂರಬೇಕಾಗಿದ್ದವನು ನೀನು.”

ಮಕ್ತೇ ಜೈನುನ್ ಕಾಲಿಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಫದ್ಲಾನ್ ಹೇಳುವುದನ್ನೆಲ್ಲ ಕೇಳಿಸಿಕೊಂಡಳು. ಟರ್ಬೊ ಎಂದರೇನು ಎಂದು ಮಾತ್ರ ಒಮ್ಮೆ ಕೇಳಿದಳು. ಕೇಳಿಯಾದ ಮೇಲೆ ಬೆಳ್ಳುಳ್ಳಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಕಾಲು ಸುಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ ಕಣೋ. ಒಲೆ ಹತ್ರ ನಿಂತವಳಿಗೆ ಸುಡೋದು ಹೊಸದಲ್ಲ,” ಎಂದಳು. “ಈ ಮನುಷ್ಯ ಇಲ್ಲಿ ಕೂತು ಅತ್ತರು. ನೀನು ಅಲ್ಲಿ, ಆ ಹೊಸ್ತಿಲಲ್ಲಿ ನಿಂತಿದ್ದೆ. ನಾನು ನಿಂಗೆ ಚಹಾ ಮಾಡಿಸಿ ಕೊಟ್ಟೆ. ನೀನು ಕುಡಿದೆ! ಅದು ಹೆಂಗಯ್ಯ ಇಳೀತು ನಿನ್ನ ಗಂಟಲಲ್ಲಿ?”

ಅವಳೇ ಸೊಸೆಯನ್ನು ಕೂಗಿ ಸೆನಾವಿಯನ್ನು ಕರೆಸಿದಳು. ಸೆನಾವಿಯ ಹಿಂದೆ ಅಕ್ಕಪಕ್ಕದವರೂ ಬಂದರು. ಫದ್ಲಾನ್ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಗಾಡಿ ಸರಿಯಾಗಿತ್ತು ಎಂದು ಸುಳ್ಳು ಹೇಳಿದೆ ಎಂಬಲ್ಲಿಗೆ ಬಂದಾಗ ಧ್ವನಿ ಇಳಿಯಿತು. “ಜೋರಾಗಿ,” ಎಂದರು ಚಿಕ್ಗು. ಅವನು ಜೋರಾಗಿ ಹೇಳಿದ. ಆ ಜಗಲಿಯ ಕೆಳಗೆ ನಾನೂ ನಿಂತಿದ್ದೆ. ಬಯ್ಯುವುದಕ್ಕೆಂದೇ ಬಂದವರು ಕೂಡ ಅವನ ಮುಖ ನೋಡಿ ನೆಲ ನೋಡಿದರು.

ಸುರಯಾ ಅವತ್ತಿನಿಂದ ಗಂಡನೊಂದಿಗೆ ಮಾತು ಬಿಟ್ಟಳು. ಅನ್ನ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಆದರೆ ರೀ ಎನ್ನುತ್ತಿರಲಿಲ್ಲ. ಮಕ್ತೇಯನ್ನು ಕಾಲಿಗೆ ಔಷಧಿ ಕಟ್ಟಿಸಲು ಆಸ್ಪತ್ರೆಗೆ ಕರೆದೊಯ್ಯುವ ಕೆಲಸವನ್ನು ಫದ್ಲಾನ್ ತಾನೇ ಮೇಲೆ ಹಾಕಿಕೊಂಡ. ಅವಳು ಹೋಗುವಾಗಲೂ ಬರುವಾಗಲೂ ಬಯ್ಯುತ್ತಿದ್ದಳು. ಬೈಗುಳ ಕೇಳುವುದೇ ಅವನಿಗೆ ಆ ದಿನಗಳಲ್ಲಿ ಸ್ವಲ್ಪ ಹಗುರವಾಗಿತ್ತು. ಸುಮ್ಮನಿರುವವರ ಎದುರು ಕೂರುವುದು ಕಷ್ಟವಾಗುತ್ತಿತ್ತು.

ಚಹಾದಂಗಡಿಯವರು ಚಿಕ್ಗು ಅವರನ್ನು ಹೋಗಿ ಕರೆತಂದರು. ಎಲ್ಲರೂ ಎದ್ದು ನಿಂತರು. ನಿಮ್ಮ ಕಾಲು ನಮ್ಮೆಲ್ಲರ ಕಾಲಿಗಿಂತ ಗಟ್ಟಿ ಎಂದು ಯಾರೋ ಹೇಳಿದಾಗ ನಕ್ಕರು. ಆದರೆ ಕಾರು ಮುಟ್ಟಲಿಲ್ಲ. ಮಾರದೆ ಉಳಿದಿದ್ದ ಬಿಳಿ ಕಾರನ್ನು ಫದ್ಲಾನ್ ಅವರ ಮನೆಯ ಮುಂದೆ ತಂದಿಟ್ಟ. ಓಡಿಸಿ ನೋಡಿ ಎಂದು ಸುರಯಾ ದಿನವೂ ತಂದೆಯನ್ನು ಒತ್ತಾಯಿಸಿದಳು. ಕೊನೆಗೊಂದು ಭಾನುವಾರ ಅವರು ಒಪ್ಪಿದರು.

ಫದ್ಲಾನ್ ಗೇಟು ತೆರೆದು ಹಿಡಿದು ನಿಂತ. ಸುರಯಾ ತಂದೆಯ ಪಕ್ಕ ಕೂತಳು. ಹಳೆಯ ಇಂಜಿನ್ ಹಳೆಯ ಸದ್ದಿನಲ್ಲಿ ಸ್ಟಾರ್ಟ್ ಆಯಿತು. ಕಾರು ಮೆಲ್ಲಗೆ ಅಂಗಳ ದಾಟಿ ಬೀದಿಗೆ ಇಳಿಯಿತು. ಸ್ವಲ್ಪ ದೂರದಲ್ಲಿ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ಬರುತ್ತಿದ್ದಳು. ಇನ್ನೂ ಎಷ್ಟೋ ದೂರದಲ್ಲಿದ್ದಳು. ಕಾರು ಗಕ್ಕನೆ ನಿಂತಿತು. ಸುರಯಾಳ ತಲೆ ಮುಂದಕ್ಕೆ ವಾಲಿತು. ಹೆಂಗಸು, ಮಗು ದಾಟಿ ಹೋದರು. ಕಾರು ಕದಲಲಿಲ್ಲ.

ಚಿಕ್ಗು ಇಂಜಿನ್ ಆರಿಸಿದರು. ತೆರೆದ ಕಿಟಕಿಯಿಂದ ಅವರ ಮಾತು ಫದ್ಲಾನನಿಗೂ ಕೇಳಿಸಿತು.

“ಕಾಲು ಸರಿಯಾಗೇ ಇದೆ ಮಗಳೇ. ನಂಗೇ ಅದರ ಮೇಲೆ ನಂಬಿಕೆ ಬರ್ತಿಲ್ಲ.”

ಅವರು ಇಳಿದು ಕಾರನ್ನು ಸುತ್ತಿ ಮಗಳ ಬಾಗಿಲಿಗೆ ಬಂದರು. ಕೀಲಿಯನ್ನು ಮಗಳ ಕೈಗೆ ಕೊಟ್ಟು, ನೀನೇ ಓಡಿಸ್ಕೊಂಡು ಬಾ ಎಂದರು. ನಡೆದು ವಾಪಸು ಬಂದು ಗೇಟಿನಲ್ಲಿ ಅಳಿಯನನ್ನು ಹಾದು ಒಳಗೆ ಹೋದರು. ಬಯ್ಯಲಿಲ್ಲ, ನಿಲ್ಲಲೂ ಇಲ್ಲ. ಸುರಯಾ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿದಳು. ಫದ್ಲಾನ್ ಗೇಟು ಮುಚ್ಚಿ ಅಗುಳಿ ಹಾಕಿದ.